ಸಿಗಾರ್ ಡಬ್ಬದ ಗಿಟಾರೂ ಅಧ್ಯಕ್ಷರ ಭಾಷಣವೂ

ಗಿಟಾರಿಗೆ ಆರು ತಂತಿ. ಸಿಗಾರ್ ಡಬ್ಬದಿಂದ ಮನೆಯಲ್ಲೇ ಮಾಡುವ ಗಿಟಾರಿಗೆ ಮೂರೇ. ಅಂದಮೇಲೆ ಕಲಿಯಲು ಅರ್ಧ ಬುದ್ಧಿ ಸಾಕು, ಅಷ್ಟು ನನ್ನಲ್ಲಿ ಇದ್ದೇ ಇದೆ ಎಂದು ನಂಬಿದ್ದೆ.

ನಮ್ಮ ಆಫೀಸಿನ ಮ್ಯಾನೇಜರ್ ಅಬು ಫಹದ್ ಎಸೆಯಲಿದ್ದ ಮರದ ಸಿಗಾರ್ ಡಬ್ಬವನ್ನು ಬೇಡಿ ಕೊಲ್ಲಿ ನಾಡಿನ ಮಂಗಫ್‌ನಲ್ಲಿದ್ದ ನಮ್ಮ ಫ್ಲ್ಯಾಟಿಗೆ ತಂದೆ. ರಾಯ್ ಪೇಟೆಯ ಮರದ ಅಂಗಡಿಯಿಂದ ಗಿಟಾರಿನ ಕುತ್ತಿಗೆಗೆ ಒಂದು ಪಟ್ಟಿ ಬಂತು. ಯೂಟ್ಯೂಬ್ ನೋಡಿ ತಂತಿ ಬಿಗಿದೆ. ಕೆಮ್ಮಿನ ಔಷಧಿಯ ಖಾಲಿ ಬಾಟಲಿಯನ್ನು ತಂತಿಯ ಮೇಲೆ ಜಾರಿಸಿದರೆ ಸ್ವರ ಬರುತ್ತದಂತೆ. ನನಗೆ ಸ್ವರಕ್ಕಿಂತ ಮೊದಲು ಪಕ್ಕದ ಫ್ಲ್ಯಾಟಿನ ರೋನಿ ಬಂದರು!

"ಬೆಕ್ಕು ಎಲ್ಲಾದ್ರೂ ಸಿಕ್ಕಿ ಹಾಕಿಕೊಂಡಿದೆಯಾ ಮಾರಾಯ್ರೆ?" ಎಂದು ಕೇಳಿದರು. ಮಂಗಳೂರಿನ ರೋನಿಗೆ ಬ್ಯಾಂಕಿನಲ್ಲಿ ಕೆಲಸ. ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಮೈಕು, ಸ್ಪೀಕರು ನೋಡಿಕೊಳ್ಳುವವರೂ ಅವರೇ.

ಆ ಸಲದ ರಾಜ್ಯೋತ್ಸವದಲ್ಲಿ ನನ್ನ ಮಗಳು ಮೇಘನಾ ಮೊದಲ ಬಾರಿ ವೇದಿಕೆಯಲ್ಲಿ ಹಾಡುವವಳಿದ್ದಳು. ಗಿಟಾರ್ ಸಾಥ್ ನನ್ನದೇ ಎಂದು ನಾನು ಘೋಷಿಸಿದೆ.

"ಅಪ್ಪಾ, ಪ್ಲೀಸ್, ಡೋಂಟ್ ಸ್ಪಾಯಿಲ್ ಇಟ್" ಎಂದಳು ಅವಳು. ಕಣ್ಣಲ್ಲಿ ನೀರೇ ಇತ್ತು.

ಹೆಂಡತಿ ಸುಧಾ ಇನ್ನೂ ನೇರ: "ಮಗು ಎಷ್ಟು ದಿನದಿಂದ ಅಭ್ಯಾಸ ಮಾಡ್ತಿದೆ ಕಣ್ರೀ. ಅವಳ ಹಾಡೇನಾದ್ರೂ ಕೆಟ್ಟರೆ ಆ ಡಬ್ಬದಲ್ಲೇ ನಿಮಗೆ ಊಟ ಬಡಿಸ್ತೀನಿ!"

ಡಬ್ಬದ ದನಿ ಸಭಾಂಗಣಕ್ಕೆ ಸಾಲದು. ಹಾಳಾದ ಅಲಾರಂ ಗಡಿಯಾರದ ಒಳಗಿದ್ದ, ಸದ್ದು ಮಾಡುವ ಲೋಹದ ಬಿಲ್ಲೆಯನ್ನು ಡಬ್ಬದೊಳಗೆ ಅಂಟಿಸಿ, ವೈರು ಎಳೆದೆ. ಅದನ್ನು ಸ್ಪೀಕರಿಗೆ ಕೊಟ್ಟರೆ ಡಬ್ಬದ ಸಣ್ಣ ಕಂಪನವೂ ದೊಡ್ಡದಾಗಿ ಕೇಳುತ್ತದೆ. ವಿಜ್ಞಾನ ಅಷ್ಟೇ ಹೇಳಿತ್ತು. ಬಾಯಿ ಮುಚ್ಚಿಕೊಂಡಿರು ಎಂದು ಹೇಳಿರಲಿಲ್ಲ.

ಕಾರ್ಯಕ್ರಮದ ದಿನ ರೋನಿ ವೈರು ಜೋಡಿಸಿ ಸಭಾಂಗಣದ ಹಿಂಬದಿಗೆ ಹೋದರು. ಪರದೆಯ ಮುಂದೆ ಅಧ್ಯಕ್ಷರ ಭಾಷಣ, ಹಿಂದೆ ನಾವಿಬ್ಬರು. ಭಾಷಣ ಮುಗಿಯುವ ಲಕ್ಷಣವಿರಲಿಲ್ಲ. ಮೇಘನಾಳ ಕೈ ತಣ್ಣಗಾಗಿತ್ತು. ನಾನು ಡಬ್ಬದ ಮೇಲೆ ಗದ್ದವೂರಿ, ತಂದೆಯ ಕರ್ತವ್ಯವೆಂದು ಧೈರ್ಯ ತುಂಬಿದೆ.

"ಹೆದರಬೇಡ ಪುಟ್ಟಾ. ಅಲ್ಲಿ ಕೂತಿರೋರೆಲ್ಲ ಬಿಸಿಬೇಳೆ ಬಾತಿಗೆ ಬಂದಿರೋರು."

ಹೊರಗೆ ಗೊಳ್ಳೆಂದು ನಗು. ಅಧ್ಯಕ್ಷರು ಜೋಕು ಹೇಳಿರಬೇಕು, ಪಾಪ, ಅವರಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದುಕೊಂಡೆ.

"ಈ ಅಧ್ಯಕ್ಷರಿಗಂತೂ ಶ್ರುತಿಗೂ ಶೀತಕ್ಕೂ ವ್ಯತ್ಯಾಸ ಗೊತ್ತಿಲ್ಲ. ಕನ್ನಡ ಉಳಿಸಿದ್ದು ಸಾಕು, ಯಲ್ಲಾ, ಬೇಗ ಇಳಿದು ನಮ್ಮ ಹೊಟ್ಟೆ ಉಳಿಸಲಿ!"

ಈ ಸಲ ಚಪ್ಪಾಳೆಯೂ ಬಿತ್ತು. ಭಾಷಣ ನಿಂತಿತು. ಮೇಘನಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅಷ್ಟರಲ್ಲಿ ರೋನಿ ಏದುಸಿರು ಬಿಡುತ್ತಾ ಒಳಗೆ ನುಗ್ಗಿದರು.

"ಬಾಯಿ ಮುಚ್ಚಿ ಮಾರಾಯ್ರೆ! ನೀವು ಹೇಳಿದ್ದೆಲ್ಲ ಆ ಡಬ್ಬ ಊರಿಗೆ ಸಾರ್ತಾ ಉಂಟು!"

ನಾನು ಡಬ್ಬದಿಂದ ಗದ್ದ ಎತ್ತಿದೆ. "ಈಗೇನು ಮಾಡೋದು ರೋನಿ?"

"ನಾನು ಸರಿ ಮಾಡ್ತೇನೆ. ನೀವು ಸುಮ್ಮನೆ ನುಡಿಸಿ" ಎಂದು ಓಡಿದರು.

ಪರದೆ ಸರಿಯಿತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಅವರತ್ತ ನೋಡದೆ ಕಣ್ಣು ಮುಚ್ಚಿ ನುಡಿಸಿದೆ. ಎಂದೂ ಇಲ್ಲದ ಭಾವ ತುಂಬಿ ನುಡಿಸಿದೆ! ಮೇಘನಾ ಎಷ್ಟು ಚೆನ್ನಾಗಿ ಹಾಡಿದಳೆಂದರೆ ಸುಧಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಧ್ಯಕ್ಷರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಸಭೆಗೆ ನಮಸ್ಕರಿಸಿದೆ.

ಊಟದ ಸಾಲಿನಲ್ಲಿ ರೋನಿ ಸಿಕ್ಕರು. "ಗಿಟಾರಿನ ವಾಲ್ಯೂಮ್ ಸರಿಯಾಗಿತ್ತಾ?" ಎಂದು ವಿನಯದಿಂದ ಕೇಳಿದೆ.

"ಎಂತ ವಾಲ್ಯೂಮ್? ನಾನು ಆಗಲೇ ಆಫ್ ಮಾಡಿದ್ದೆ. ಖಲಾಸ್!"

ಸುಧಾ ತಟ್ಟೆ ನೋಡುತ್ತಾ ನಗು ತಡೆದುಕೊಂಡಳು. ಮೇಘನಾ ಮಾತ್ರ ಪ್ರೀತಿಯಿಂದ ನನ್ನ ಕೈ ಹಿಡಿದುಕೊಂಡಳು.

"ಯೂ ವರ್ ಗ್ರೇಟ್ ಅಪ್ಪಾ. ನೆಕ್ಸ್ಟ್ ಇಯರ್ ಕೂಡ ಸೇಮ್ ವಾಲ್ಯೂಮ್, ಓಕೆ?"