ನೂರಿಪ್ಪತ್ತೆಂಟನೆಯ ಕೂಪನ್

ಜಾವಾ ಪ್ರೋಗ್ರಾಮಿಂಗ್‌ನಿಂದ ಹೊಟ್ಟೆ ಹೊರೆಯುವ ನನ್ನಂಥವರ ಬಗ್ಗೆ ಜನರಿಗೆ ದೊಡ್ಡ ಭ್ರಮೆಯಿದೆ. ನಾವು ದಿನವಿಡೀ ಗಹನವಾದ ಸಮಸ್ಯೆಗಳನ್ನು ಬಿಡಿಸುತ್ತೇವೆಂದು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ, ಎಲ್ಲರೂ ಎಡವಿದ ಕಲ್ಲಿಗೇ ಎಡವಿ, ಎಲ್ಲರೂ ಹಚ್ಚಿದ ಮುಲಾಮನ್ನೇ ಹುಡುಕಿ ಹಚ್ಚಿಕೊಳ್ಳುವುದು ನಮ್ಮ ವೃತ್ತಿ. ನಾವಿರುವ ಈ ಐರಿಶ್ ನಗರದ ಗ್ರ್ಯಾಂಡ್ ಕೆನಾಲ್ ಡಾಕ್‌ನ ಕಚೇರಿಯೊಳಗೆ ಎಡವಿದರೆ ಯಾರಿಗೂ ಕಾಣುವುದಿಲ್ಲ, ಅಷ್ಟೆ. ನಾನು ಎಡವಿದ್ದು ಕ್ಲಾಂಡಾಲ್ಕಿನ್ ಬಡಾವಣೆಯ ಸಭಾಂಗಣದ ಬಾಗಿಲಲ್ಲಿ, ರಾಜ್ಯೋತ್ಸವದ ಊಟಕ್ಕೆ ನೆರೆದ ಕನ್ನಡಿಗರೆಲ್ಲರ ಎದುರು.

ಊಟದ ಉಸ್ತುವಾರಿ ನನ್ನ ಹೆಂಡತಿ ಶುಭಾಳದು. "ಒಂದು ಪೆನ್ನು, ಒಂದು ಹಾಳೆ ಸಾಕು ಕಣ್ರೀ," ಎಂದಿದ್ದಳು. ಸೀನಿಯರ್ ಇಂಜಿನಿಯರನ ಹೆಂಡತಿ ಆಡುವ ಮಾತೇ ಇದು? ಕೂಪನ್ನಿನ ಸಂಖ್ಯೆ ನೋಂದಣಿಯ ಸಂಖ್ಯೆಗೆ ಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸುವ ಪ್ರೋಗ್ರಾಂ ಬರೆದೆ. ಮನೆಯಲ್ಲಿ ಮೊದಲ ಹತ್ತು ಕೂಪನ್ ಪರೀಕ್ಷಿಸಿದೆ. ಎಲ್ಲವೂ ಹಸಿರು.

ಊಟದ ದಿನ ಸಂಖ್ಯೆಯ ಸರದಿಯಲ್ಲೇ ಜನರನ್ನು ಒಳಗೆ ಬಿಡುತ್ತಿದ್ದೆವು. ನೂರಿಪ್ಪತ್ತೇಳರವರೆಗೆ ಹಸಿರೇ ಹಸಿರು. ನನ್ನ ಎದೆ ಉಬ್ಬಿತ್ತು. ನೂರಿಪ್ಪತ್ತೆಂಟನೆಯವರು ಉಡುಪಿ ಕಡೆಯ ನಿವೃತ್ತ ನರ್ಸ್ ಲಿಲ್ಲಿ ಆಂಟಿ. ಕೆಂಪು. ಮತ್ತೆ ಒತ್ತಿದೆ. ಕೆಂಪು. ಅವರ ಹಿಂದಿನವರಿಗೂ ಕೆಂಪು.

"ಎಂತ ಮಾರಾಯ? ಕೂಪನ್ ಸರಿ ಉಂಟು ಅಂತ ನನ್ನ ಹೊಟ್ಟೆಗೆ ಗೊತ್ತುಂಟು. ನಿನ್ನ ಮಿಷನ್ನಿಗೆ ಗೊತ್ತಿಲ್ವಾ?" ಎಂದರು ಆಂಟಿ. ಹೊರಗೆ ತಣ್ಣನೆ ಗಾಳಿ, ಒಳಗಿನಿಂದ ಬಿಸಿಬೇಳೆಬಾತಿನ ಪರಿಮಳ. ಸಾಲು ಗೊಣಗತೊಡಗಿತು. ಇಲ್ಲೇ ಹುಟ್ಟಿದ ನನ್ನ ಮಗಳು ಅನ್ವಿ, "ಡ್ಯಾಡ್, ಜಸ್ಟ್ ಲೆಟ್ ದೆಮ್ ಇನ್. ಇಟ್ಸ್ ಗ್ರ್ಯಾಂಡ್," ಎಂದಳು. ಐರಿಶ್ ಬಾಯಲ್ಲಿ ಅದಕ್ಕೆ "ಪರವಾಗಿಲ್ಲ ಬಿಡು" ಎಂದರ್ಥ.

ಶುಭಾ ನನ್ನನ್ನು ಪಕ್ಕಕ್ಕೆ ಸರಿಸಿದಳು. "ಆಂಟಿ, ಬನ್ನಿ ನೀವು. ಇವರು ರಿಪೇರಿ ಮಾಡ್ಕೊಳ್ಲಿ," ಎನ್ನುತ್ತಾ ಕಾಗದದ ತಟ್ಟೆಯೊಂದರ ಬೆನ್ನ ಮೇಲೆ ಸಂಖ್ಯೆ ಬರೆದುಕೊಂಡು ಎಲ್ಲರನ್ನೂ ಒಳಗೆ ಬಿಟ್ಟಳು.

ನಾನು ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ತಪ್ಪು ಸಿಕ್ಕಿತು. ಜಾವಾ ಪ್ರತಿ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತದೆ ಎನ್ನಿ: ಕೂಪನ್ನಿನದೊಂದು, ನೋಂದಣಿಯದೊಂದು. "ಎರಡೂ ಚೀಟಿಯಲ್ಲಿ ಒಂದೇ ಸಂಖ್ಯೆ ಇದೆಯೇ?" ಎಂದು ಕೇಳುವ ಬದಲು ನಾನು ಜಾವಾವನ್ನು "ಎರಡೂ ಒಂದೇ ಚೀಟಿಯೇ?" ಎಂದು ಕೇಳಿದ್ದೆ. ನೂರಿಪ್ಪತ್ತೇಳರವರೆಗಿನ ಸಂಖ್ಯೆಗಳಿಗೆ ಅದು ಒಂದೊಂದೇ ಚೀಟಿಯನ್ನು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಹಾಗಾಗಿ ಹೌದು ಎಂದಿತ್ತು. ಆಮೇಲಿನವಕ್ಕೆ ಪ್ರತಿ ಸಲ ಹೊಸ ಚೀಟಿ. ಹಾಗಾಗಿ ಅಲ್ಲ ಎಂದಿತು. ಒಂದು ಪದ ಬದಲಿಸಿ "ಸರಿಯಾಯ್ತು!" ಎಂದು ಕೂಗಿದೆ. ಕೇಳಲು ಸಾಲಿನಲ್ಲಿ ಯಾರೂ ಉಳಿದಿರಲಿಲ್ಲ. ಲಿಲ್ಲಿ ಆಂಟಿ ಮಾತ್ರ ತುಂಬಿದ ತಟ್ಟೆ ತಂದು, "ತಿನ್ನು ಮಗಾ, ಎಷ್ಟು ಹೊತ್ತಾಯ್ತು ಗಾಳಿಗೆ ಕೂತು," ಎಂದರು. ಅಷ್ಟು ರುಚಿಯಾದ ಬಿಸಿಬೇಳೆಬಾತ್ ನಾನು ತಿಂದಿರಲಿಲ್ಲ.

ಸೋಮವಾರ ಕಚೇರಿಯಲ್ಲಿ, ಕೆಲಸಕ್ಕೆ ಅರ್ಜಿ ಹಾಕಿದ್ದ ಮೈಸೂರಿನ ಹುಡುಗಿಯೊಬ್ಬಳನ್ನು ಸಂದರ್ಶಿಸಬೇಕಿತ್ತು. ನೂರಿಪ್ಪತ್ತೇಳರವರೆಗೆ ಹೌದು ಎನ್ನುವ ಪ್ರೋಗ್ರಾಂ ನೂರಿಪ್ಪತ್ತೆಂಟಕ್ಕೆ ಅಲ್ಲ ಎನ್ನುವುದೇಕೆ ಎಂದು ಕೇಳಿದೆ. ಅವಳು ಒಂದೇ ಉಸಿರಿನಲ್ಲಿ ಸರಿಯುತ್ತರ ಹೇಳಿ, "ಆದ್ರೆ ಸರ್, ನಿಜವಾಗ್ಲೂ ಯಾರಾದ್ರೂ ಇಂಥ ತಪ್ಪು ಮಾಡ್ತಾರಾ?" ಎಂದಳು.

ನಾನು ಕನ್ನಡಕ ಒರೆಸಿಕೊಳ್ಳುತ್ತಾ ಗಂಭೀರವಾಗಿ ಹೇಳಿದೆ: "ಜೂನಿಯರ್‌ಗಳು ಮಾಡ್ತಾರಮ್ಮ."