ಯಾರ ಕಡೆಯವರು?

ನಿಯೆವೆಸ್: ಚೌಕದ ಹೋಟೆಲಿಗೆ ಏನಾಗಿತ್ತು ರೋಗ?

ಬ್ರೌಲಿಯೊ: ಬಾಗಿಲಲ್ಲೇ ಊಟದ ಫೋಟೊ ನೇತುಹಾಕಿದ್ರು. ಫೋಟೊ ನೋಡಿ ಒಳಗೆ ಹೋಗೋರು ಪ್ರವಾಸಿಗರು ಕಣೇ.

ನಿಯೆವೆಸ್: ಅದರ ಪಕ್ಕದ್ದು?

ಬ್ರೌಲಿಯೊ: ಅಲ್ಲೊಬ್ಬ ಕೈ ಹಿಡಿದು ಎಳೀತಿದ್ದ. ರುಚಿ ಇರೋ ಕಡೆ ಯಾರೂ ಎಳೆಯಲ್ಲ.

ನಿಯೆವೆಸ್: ಹೊಳೆ ದಂಡೇದು?

ಬ್ರೌಲಿಯೊ: ಒಂದು ಗಂಟೆಗೇ ಬಡಿಸ್ತಿದ್ರು! ನಮ್ಮ ದೇಶದಲ್ಲಿ ಮೂರಕ್ಕೆ ಮುಂಚೆ ಯಾವ ಮರ್ಯಾದಸ್ಥ ಉಣ್ತಾನೆ?

ನಿಯೆವೆಸ್: ಈಗ ಐದಾಯ್ತು. ಮರ್ಯಾದಸ್ಥರೆಲ್ಲ ಉಂಡು ಮಲಗಿದ್ದಾರೆ. ಇನ್ನು ಒಂಬತ್ತರವರೆಗೆ ಯಾವ ಒಲೆಯೂ ಹತ್ತಲ್ಲ. ಅಲ್ಲೀವರೆಗೆ ನಿನ್ನ ಮರ್ಯಾದೇನೇ ನೆಕ್ಕೋಣ.

ಸರಗೋಸ ಊರಿನ ಈ ದಂಪತಿ ಸೆವಿಲ್ಲಾ ನಗರಕ್ಕೆ ಬಂದದ್ದು ಇದೇ ಮೊದಲು. ಹೊಸ ಚಪ್ಪಲಿ ಕಚ್ಚಿ ನಿಯೆವೆಸಳ ಹಿಮ್ಮಡಿ ಉರಿಯುತ್ತಿತ್ತು. ಹೊಟ್ಟೆಯ ಉರಿ ಬೇರೆ. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ತೆರೆದ ಬಾಗಿಲೊಂದು ಕಂಡಿತು. ಒಳಗಿಂದ ನಗು, ಕರಿದ ಮೀನಿನ ಘಮ.

ಬ್ರೌಲಿಯೊ: ನೋಡಿದ್ಯಾ! ಬೋರ್ಡಿಲ್ಲ, ಫೋಟೊ ಇಲ್ಲ, ಒಳಗೆಲ್ಲ ಊರಿನವರೇ!

ಖಾಲಿ ಕುರ್ಚಿಗಳಲ್ಲಿ ಕೂತದ್ದೇ ತಡ, ಕಡಲೆಕಾಳಿನ ಪಾಲಕ್, ಮೀನು, ಹೋರಿಬಾಲದ ಗಟ್ಟಿ ಸಾರು ಎದುರಿಗೆ ಬಂದವು.

ನಿಯೆವೆಸ್: ನಾವೇನೂ ಕೇಳೇ ಇಲ್ಲವಲ್ಲ?

ಬ್ರೌಲಿಯೊ: ಅಸಲಿ ಜಾಗ ಅಂದ್ರೆ ಇದು. ಬೇಯ್ಸಿದ್ದನ್ನ ಬಡಿಸ್ತಾರೆ, ಬಾಯ್ಮುಚ್ಕೊಂಡು ತಿನ್ನು.

ನಿಯೆವೆಸ್: ಎಲ್ರೂ ರೇಷ್ಮೆ ಹಾಕಿದ್ದಾರೆ.

ಬ್ರೌಲಿಯೊ: ಈ ಊರೋರು ಶೋಕಿಲಾಲರು.

ನಿಯೆವೆಸ್: ಆ ಹುಡುಗಿ ಉಂಗುರ ತೋರಿಸ್ಕೊಂಡು ಅಳ್ತಿದ್ದಾಳೆ.

ಬ್ರೌಲಿಯೊ: ಸಾರು ಹಾಗಿದೆ. ನನಗೂ ಅಳು ಬರ್ತಿದೆ.

ಕಪ್ಪು ಬೀಸಣಿಗೆ ಹಿಡಿದ ಅಜ್ಜಿಯೊಬ್ಬಳು ಬಂದು ಅವರೆದುರು ನಿಂತಳು.

ಅಜ್ಜಿ: ನಿಶ್ಚಿತಾರ್ಥಕ್ಕೆ ಬಂದಿದ್ದೀರಿ, ಸಂತೋಷ. ಯಾರ ಕಡೆಯವ್ರು? ಹುಡುಗಿ ನನ್ನ ಮೊಮ್ಮಗಳು, ಅವಳ ಕಡೆಯವ್ರನ್ನೆಲ್ಲ ನಾನು ಬಲ್ಲೆ.

ಬ್ರೌಲಿಯೊನ ಬಾಯಲ್ಲಿ ಮೂಳೆ ನಿಂತಿತು. ನಿಯೆವೆಸ್ ಎದ್ದು ಓಡೋಣವೆಂದರೆ ಕಳಚಿಟ್ಟ ಚಪ್ಪಲಿ ಕಾಲಿಗೆ ಸಿಗಲೊಲ್ಲದು.

ನಿಯೆವೆಸ್: ಹು... ಹುಡುಗನ ಕಡೆ. ಚಿಕ್ಕಪ್ಪ, ಚಿಕ್ಕಮ್ಮ.

ಅಜ್ಜಿ: ಏಲಿಯಾಸ್! ಬಾರೋ ಇಲ್ಲಿ! ನಿನಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ತಾನೆ ನಾನು ಈ ಸಂಬಂಧಾನೇ ಬೇಡ ಅಂದಿದ್ದು? ಇವ್ರು ಯಾರು ಮತ್ತೆ?

ಎಲ್ಲರೂ ಇತ್ತ ತಿರುಗಿದರು. ಮದುಮಗನಾಗಲಿದ್ದ ಹುಡುಗ ಹತ್ತಿರ ಬಂದ. ಅಪರಿಚಿತರಿಬ್ಬರನ್ನು ನೋಡಿದ. ಮೊದಲ ಸಲ ಮೆತ್ತಗಾಗಿದ್ದ ಅಜ್ಜಿಯ ಮುಖವನ್ನೂ ನೋಡಿದ. ನಿಯೆವೆಸ್ ಕಣ್ಣು ಮುಚ್ಚಿಕೊಂಡಳು.

ಏಲಿಯಾಸ್: ಚಿಕ್ಕಪ್ಪಾ! ಅಂತೂ ಬಂದ್ರಲ್ಲ!

ಚಪ್ಪಾಳೆ ಬಿತ್ತು. ಅಜ್ಜಿ ಬೀಸಣಿಗೆಯ ಮರೆಯಲ್ಲಿ ಕಣ್ಣೊರೆಸಿಕೊಂಡಳು. ಹುಡುಗ ಬ್ರೌಲಿಯೊನನ್ನು ಬಿಗಿಯಾಗಿ ತಬ್ಬಿ, ಕಿವಿಗೆ ಬಾಯಿಟ್ಟ.

ಏಲಿಯಾಸ್: ಬೇಗ ಹೇಳಿ, ನಿಮ್ಮ ಹೆಸರೇನು?