ಜೋಕಾಲಿಯ ಲೆಕ್ಕದಲ್ಲಿ ಕಳೆದ ಒಡಪು

ನೆನಪನ್ನು ನಂಬಬಾರದು ಎಂಬುದು ನಾನು ನಂಬಿಕೊಂಡು ಬಂದ ಒಂದೇ ಮಾತು. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಅಂಟಿಕೊಂಡ ಚಟ ಇದು. ಅಳೆದು ನೋಡದೆ ಯಾವುದನ್ನೂ ಒಪ್ಪುವವನಲ್ಲ ನಾನು. ಮನೆಯವರು ಸಾರಿಗೆ ಉಪ್ಪು ಹೆಚ್ಚಾಯಿತೆಂದರೂ, ಯಾವುದಕ್ಕಿಂತ ಹೆಚ್ಚು ಎಂದು ಕೇಳುತ್ತೇನೆ. ಹೀಗೆ ಅಳೆಯುತ್ತ ಅಳೆಯುತ್ತ ಬದುಕಿನಲ್ಲಿ ನಾನು ಗಳಿಸಿದ್ದು ಎಷ್ಟೆಂದು ಹೇಳಲಾರೆ. ಕಳೆದುಕೊಂಡದ್ದರಲ್ಲಿ ಒಂದು ಮಾತ್ರ ಚೆನ್ನಾಗಿ ನೆನಪಿದೆ. ಇಲ್ಲ, ಅದು ನೆನಪಿಲ್ಲದಿರುವುದೇ ತೊಂದರೆ.

ಆಗ ನಾನು ಹಾನಗಲ್ಲಿನಲ್ಲಿ ಗಣಿತದ ಮಾಸ್ತರ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನನ್ನಾಕೆ ನೀಲವ್ವ ಪಂಚಮಿಗೆಂದು ತವರಿಗೆ, ಸವಣೂರಿನ ಆಚೆಯ ಹತ್ತಿಮತ್ತೂರಿಗೆ ಹೋಗಿದ್ದಳು. ಹಬ್ಬ ಮುಗಿಸಿದ ಅವಳನ್ನು ಕರೆತರಲು ನಾನು ಹೋದೆ. ಅತ್ತೆಯವರು ಶೇಂಗಾದ ಉಂಡಿ ಕೊಟ್ಟು ಮುಗಿಸುವುದರೊಳಗೆ ನೀಲವ್ವನ ತಮ್ಮ ಬಸವರಾಜ ನನ್ನ ಬಳಿ ಬಂದು ಕುಂತ. ಇಂಟರ್ ಪರೀಕ್ಷೆಯಲ್ಲಿ ಅವನನ್ನು ತ್ರಿಕೋಣಮಿತಿ ಕೆಡವಿತ್ತು. ಅದರಲ್ಲೂ ಕೆಡವಿದ್ದು ಆವರ್ತಕಾಲದ ಲೆಕ್ಕ.

ಇದು ಬಹಳ ಸರಳ. ತೂಗಾಡುವ ವಸ್ತು ಆಚೆ ಹೋಗಿ, ಈಚೆ ಬಂದು, ಹೊರಟಲ್ಲಿಗೇ ಮರಳಿ ಸೇರಲು ಹಿಡಿಯುವ ಹೊತ್ತು ಆವರ್ತಕಾಲ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹಾಗೆ ಬಂದು ಹೋಗುತ್ತದೆ ಎಂಬುದು ಆವೃತ್ತಿ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ, ಅತ್ತೆ ಸೊಸೆಯರ ದನಿಯ ಹಾಗೆ. ಆದರೆ ಈ ತೂಗಾಟವನ್ನು ಬರೆಯುವ ಕೊಸೈನಿನೊಳಗೆ ಕಾಲದ ಪಕ್ಕಕ್ಕೆ ಒಂದು ಅಂಕಿ ಬಂದು ಕುಂತಿತೆಂದರೆ ಹುಡುಗರು ದಿಕ್ಕೆಡುತ್ತಾರೆ. ಅಂಕಿ ದೊಡ್ಡದಾದ್ದರಿಂದ ಆವರ್ತಕಾಲವೂ ದೊಡ್ಡದು ಎಂದು ಬರೆದು ಬರುತ್ತಾರೆ, ಆಗುವುದು ಸಣ್ಣದು. ಬಸವರಾಜನೂ ಹಾಗೇ ಬರೆದಿದ್ದ. ಇದರ ಜೊತೆಗೆ, ಜೋಕಾಲಿಯನ್ನು ಜೋರಾಗಿ ಜೀಕಿದರೂ ಮೆಲ್ಲಗೆ ಜೀಕಿದರೂ ಒಂದು ಸಲ ಹೋಗಿ ಬರಲು ಹಿಡಿಯುವ ಹೊತ್ತು ಒಂದೇ ಎಂದು ನಾನು ಹೇಳಿದಾಗ ಅವನು ನಕ್ಕ.

“ಮಾಮಾ, ಹೊಲದಾಗ ಇದನ್ನ ಹೇಳಬ್ಯಾಡ್ರಿ. ಎತ್ತುಗೋಳೂ ನಗತಾವು.”

ಇಷ್ಟು ಸಾಕಾಯಿತು ನನಗೆ. ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದು ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ.

ಹಿತ್ತಲ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಮೇಲೆ ನೀಲವ್ವ ನಿಂತಿದ್ದಳು. ಕೆಳಗೆ ಅವಳ ಗೆಳತಿಯರು. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಎರಡು ಸಾಲಿನ ನಡುವೆ ಹೆಸರನ್ನು ಅಡಗಿಸಿ ಹೇಳಬೇಕು. ಮದುವೆಯ ದಿನ ಹೊಸ್ತಿಲಲ್ಲಿ ನೀಲವ್ವ ಹೇಳಿದ್ದು ಹಿರೇಕೆರೂರಿನ ಚಿಗವ್ವ ಕಲಿಸಿಕೊಟ್ಟ ಒಡಪು. ಗಂಡನ ಹೆಸರೊಂದನ್ನು ಬದಲಿಸಿದರೆ ಊರ ಎಲ್ಲ ಸೊಸೆಯರಿಗೂ ಹೊಂದುವಂಥದ್ದು. ಈಗ ಗೆಳತಿಯರು, ಹೊಸದೊಂದು ಹೇಳುವ ತನಕ ಇಳಿಸುವುದಿಲ್ಲ ಎಂದು ಪಟ್ಟು ಹಿಡಿದು ಜೀಕುತ್ತಿದ್ದರು.

ಅವರು ಹಟ ಹಿಡಿದಷ್ಟೂ ಜೋಕಾಲಿ ಮೇಲೇರಿತು. ಜೋಕಾಲಿ ಏರಿದಷ್ಟೂ ನನಗೆ ಅನುಕೂಲ. ಬಸವರಾಜ ಜೀಕು ಎಣಿಸುತ್ತಿದ್ದ, ನಾನು ಸೆಕೆಂಡಿನ ಮುಳ್ಳು ನೋಡುತ್ತಿದ್ದೆ. ಹಗ್ಗದ ಉದ್ದ, ವರ್ಗಮೂಲ, ಎಲ್ಲ ತಲೆಯಲ್ಲಿ ಸಾಲುಗಟ್ಟಿ ನಿಂತಿದ್ದವು. ಅಷ್ಟರಲ್ಲಿ ಹೆಂಗಸರೆಲ್ಲ ಕೇಕೆ ಹಾಕಿ ನಕ್ಕರು. ಬಸವರಾಜನೂ ಎಣಿಕೆ ಬಿಟ್ಟು ನಗುತ್ತಿದ್ದ. ಎಷ್ಟಾಯಿತೋ ಎಂದು ನಾನು ಗದರಿಸಿದೆ.

“ಮಾಮಾ, ಅಕ್ಕ ನಿಮ್ಮ ಹೆಸರ ಹೇಳಿದ್ಲು,” ಅಂದ.

ತಲೆಯೆತ್ತಿದೆ. ನೀಲವ್ವ ಜೋಕಾಲಿಯಿಂದ ಇಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ನನ್ನ ಕೈಯ ಗಡಿಯಾರ ನೋಡಿದಳು. ಹೊರಡುವಾಗ ಅತ್ತೆಯವರು ಮೆಲ್ಲಗೆ ಹೇಳಿದರು, ಆ ಒಡಪನ್ನು ಅವಳೇ ಕಟ್ಟಿದ್ದಂತೆ. ನಾನು ಬರುವ ದಾರಿ ಕಾಯುತ್ತ ದಿನವೆಲ್ಲ ಗುನುಗುತ್ತಿದ್ದಳಂತೆ.

ಸವಣೂರಿನ ತನಕ ಚಕ್ಕಡಿಯಲ್ಲಿ ಅವಳು ಹೊಲದ ಕಡೆ ಮುಖ ಮಾಡಿ ಕುಂತಿದ್ದಳು. ಕೊನೆಗೆ, ಒಡಪಿನಾಗ ಏನಂದಿ ಎಂದು ನಾನೇ ಕೇಳಿದೆ.

“ಅಲ್ಲೇ ನಿಂತಿದ್ರಲ್ಲ, ಕೇಳಿಸಲಿಲ್ಲೇನ್ರಿ?”

“ಗಡಿಯಾರ ನೋಡಾಕತ್ತಿದ್ದೆ.”

“ಹಂಗಾದ್ರ ಗಡಿಯಾರನ ಕೇಳ್ರಿ.”

ಇನ್ನೂ ಹೊಟ್ಟೆ ಉರಿಸುವ ಸಂಗತಿಯೊಂದಿದೆ. ಜೋಕಾಲಿಯ ಹೊತ್ತು ಒಂದೇ ಎಂಬ ನಿಯಮ ಸಣ್ಣ ಜೀಕಿಗೆ ಮಾತ್ರ. ಗೆಳತಿಯರು ಜೀಕಿದ ಎತ್ತರಕ್ಕೆ ಅದು ಹೊಂದುವುದೇ ಇಲ್ಲ, ಹೊತ್ತು ಹಿಗ್ಗುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಟಕ್ಕೆ ಬಿದ್ದಿದ್ದೆ.

ಆದರೂ ನನಗೆ ಧೈರ್ಯವಿತ್ತು. ಕೊಸೈನು ಕಲಿಸುವುದೇ ಅದನ್ನಲ್ಲವೆ? ಈಗ ತಪ್ಪಿದ್ದು ಒಂದು ಆವರ್ತಕಾಲ ಕಳೆದ ಮೇಲೆ ಮತ್ತೆ ಬರುತ್ತದೆ. ಪಂಚಮಿಯ ಆವರ್ತಕಾಲ ಒಂದು ವರ್ಷ, ಕಾದರಾಯಿತು ಎಂದುಕೊಂಡೆ. ಮರುವರ್ಷ ಅವಳು ಬಸುರಿ, ಯಾರೂ ಜೋಕಾಲಿ ಹತ್ತಗೊಡಲಿಲ್ಲ. ಮುಂದೆ ಅತ್ತೆಯವರು ತೀರಿಕೊಂಡರು. ತವರಿನ ಹಬ್ಬ ಹೆಸರಿಗಷ್ಟೇ ಉಳಿಯಿತು. ನಾನು ವರ್ಗವಾಗಿ ಶಿಗ್ಗಾಂವಿಗೆ ಬಂದೆ. ಒಡಪಿನಲ್ಲಿ ಗಡಿಯಾರದ ಮಾತಿತ್ತು, ಅಷ್ಟೇ ನೆನಪು ಎಂದು ಬಸವರಾಜ ಹೇಳುತ್ತಾನೆ. ನನ್ನನ್ನು ಚುಚ್ಚಲು ಹಾಗೆ ಹೇಳುತ್ತಾನೋ ಏನೋ. ಅದರಲ್ಲಿ ಸವಣೂರಿನ ವೀಳ್ಯದೆಲೆಯೂ ಹಾನಗಲ್ಲಿನ ಬಸ್ಸೂ ಇದ್ದಂತೆ ಈಚೆಗೆ ನನಗೇ ಕೇಳಿಸತೊಡಗಿದೆ. ಪ್ರಾಸ ಬಹಳ ಚೆನ್ನಾಗಿ ಕೂಡುವುದರಿಂದ ಅದು ನಾನೇ ಕಟ್ಟಿದ್ದಿರಬೇಕೆಂದು ಅನುಮಾನ.

ನಡುವೆ ಒಮ್ಮೆ ಜನಗಣತಿಯವರು ಬಂದರು. ಯಜಮಾನರ ಹೆಸರೇನೆಂದು ಕೇಳಿದರು. ನೀಲವ್ವ ಪಟ್ಟನೆ ನನ್ನ ಹೆಸರು ಹೇಳಿದಳು. ಒಡಪಿಲ್ಲ, ಅಳುಕಿಲ್ಲ. ಒಳಗೆ ಕುಂತಿದ್ದ ನನಗೆ ಅಕ್ಷರ ಅಕ್ಷರವೂ ಕೇಳಿಸಿತು. ಎಂಥ ಬೋಳು ಹೆಸರು ನನ್ನದು ಎಂದು ಅಂದೇ ಗೊತ್ತಾದದ್ದು.

ಹೋದ ಪಂಚಮಿಗೆ ಮಗಳ ನೆವ ಹೇಳಿ ಹಿತ್ತಲಲ್ಲಿ ನಾನೇ ಜೋಕಾಲಿ ಕಟ್ಟಿದೆ. ಮಗಳು ಇಳಿದ ಮೇಲೆ ನೀಲವ್ವನನ್ನು ಕೂಡಿಸಿದೆ. ಗಡಿಯಾರವನ್ನು ಬೇಕೆಂದೇ ಒಳಗೆ ಬಿಚ್ಚಿಟ್ಟು ಬಂದಿದ್ದೆ. ಆ ಒಡಪನ್ನು ಇನ್ನೊಮ್ಮೆ ಹೇಳೆಂದು ಕೇಳಿದೆ.

“ಮರತೇ ಹೋಗೇತ್ರಿ. ಸುಮ್ನ ಜೀಕ್ರಿ,” ಅಂದಳು.

ಜೀಕಿದೆ. ಆಚೆ ತುದಿಗೆ ಹೋದಾಗ ಅವಳ ತುಟಿ ಅಲುಗಿದಂತಾಯಿತು. ಏನೋ ಹೇಳಿ ತನ್ನಷ್ಟಕ್ಕೆ ನಕ್ಕಳೆಂದು ಕಾಣುತ್ತದೆ. ಖಚಿತವಾಗಿ ಹೇಳಲಾರೆ. ಗಡಿಯಾರವಿಲ್ಲದ್ದರಿಂದ ನಾನಾಗ ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಿದ್ದೆ.